ನ್ಯಾರೋಗೇಜ್ ಎಂಜಿನಿನ ಒಂದು ರಾಳದ ಪ್ರತಿಕೃತಿ: ಜೋಡಣೆಯೂ ಕೊನೆಗೆಲಸವೂ

ಪ್ರತಿಕೃತಿಗಳ ರಚನೆಯನ್ನು ಬಾಲಕರ ವಿನೋದವೆಂದು ಎಣಿಸುವುದು ನಮ್ಮ ವಿದ್ಯಾಲಯಗಳಲ್ಲಿ ರೂಢಿಯಾಗಿದೆ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ಹಡಗನ್ನೋ ಸೇತುವೆಯನ್ನೋ ಕಂಡಾಗ ಮಾತ್ರ ಅದನ್ನು ಪ್ರಮಾಣವೆಂದು ಒಪ್ಪುತ್ತೇವೆ. ಆಗಲೂ ಅದರಲ್ಲಿ ಮೂಲಕ್ಕೆ ನಿಷ್ಠವಾದುದು ಎಷ್ಟು, ಕಟ್ಟಿದವನು ತನ್ನ ಅನುಕೂಲಕ್ಕೆ ಹೊಂದಿಸಿಕೊಂಡುದು ಎಷ್ಟು ಎಂದು ಕೇಳುವುದಿಲ್ಲ. ತಂತ್ರವಿದ್ಯೆಯ ಇತಿಹಾಸದ ತರಗತಿಗಾಗಿ ನಾವು ವಿದ್ಯಾರ್ಥಿಗಳೊಡನೆ ಒಂದು ಚಿಕ್ಕ ಉಗಿ ಎಂಜಿನನ್ನು ರಾಳದ ಬಿಡಿಭಾಗಗಳಿಂದ ಜೋಡಿಸಿದಾಗ ಈ ಪ್ರಶ್ನೆಯೇ ಹೆಜ್ಜೆಹೆಜ್ಜೆಗೂ ಎದುರಾಯಿತು. ಆ ಕೆಲಸದ ಕ್ರಮವನ್ನೂ ಅದರಲ್ಲಿ ನಾವು ಮಾಡಿದ ತಪ್ಪುಗಳನ್ನೂ ಇಲ್ಲಿ ನಿರೂಪಿಸುತ್ತೇವೆ.

ನಾವು ಆರಿಸಿಕೊಂಡ ಎಂಜಿನು ವೇಲ್ಸ್ ದೇಶದ್ದು. ಇಂಗ್ಲೆಂಡಿನ ಕೆರ್ ಸ್ಟೂಅರ್ಟ್ ಕಂಪನಿಯವರು 1921ರಲ್ಲಿ ಕಾರಿಸ್ ರೈಲ್ವೆಗೆ ಕಟ್ಟಿಕೊಟ್ಟ ನಾಲ್ಕನೆಯ ಸಂಖ್ಯೆಯ ಎಂಜಿನಿದು. ಕಾರಿಸ್ ಕಣಿವೆಯ ಸ್ಲೇಟು ಕಲ್ಲನ್ನು ಸಾಗಿಸುತ್ತಿದ್ದ ಆ ಮಾರ್ಗ 1930ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಕೈಸೇರಿ, 1948ರಲ್ಲಿ ರಾಷ್ಟ್ರೀಕರಣಗೊಂಡು, ಅದೇ ವರ್ಷ ಮುಚ್ಚಿಹೋಯಿತು. ಅಲ್ಲಿಗೆ ಸಮೀಪದ ಟ್ಯಾಲಿಲಿನ್ ರೈಲ್ವೆಯನ್ನು ಉಳಿಸಿಕೊಳ್ಳಲು 1950ರಲ್ಲಿ ಸ್ವಯಂಸೇವಕರ ಸಂಘವೊಂದು ಏರ್ಪಟ್ಟಿತು. ಜಗತ್ತಿನಲ್ಲಿ ಸ್ವಯಂಸೇವಕರು ಹೊಣೆಹೊತ್ತು ನಡೆಸಿದ ಸಾರ್ವಜನಿಕ ರೈಲುಮಾರ್ಗಗಳಲ್ಲಿ ಇದೇ ಮೊದಲನೆಯದು. ಕಾರಿಸ್‌ನಲ್ಲಿ ಉಳಿದಿದ್ದ ಎರಡು ಎಂಜಿನುಗಳನ್ನು ಆ ಸಂಘ 1951ರಲ್ಲಿ ಕೊಂಡಿತು. ನಾಲ್ಕನೆಯದು ದುರಸ್ತಿಗೊಂಡು 1952ರಲ್ಲಿ ಕೆಲಸಕ್ಕೆ ಇಳಿಯಿತು. ಮಾರ್ಗದ ಹಿಂದಿನ ವ್ಯವಸ್ಥಾಪಕರ ನೆನಪಿಗಾಗಿ ಅದಕ್ಕೆ ಎಡ್ವರ್ಡ್ ಥಾಮಸ್ ಎಂದು ಹೆಸರಿಟ್ಟರು.

ಇದನ್ನೇ ಆರಿಸಿಕೊಂಡುದಕ್ಕೆ ಒಂದು ಗಣಿತದ ಕಾರಣವುಂಟು. ಈ ಎರಡು ಮಾರ್ಗಗಳ ಹಳಿಗಳ ನಡುವಣ ಅಂತರ 2 ಅಡಿ 3 ಅಂಗುಲ. ಬಲು ಅಪರೂಪದ ಅಳತೆ. ಬ್ರಿಟನ್ನಿನ ಹವ್ಯಾಸಿಗಳಲ್ಲಿ ಬಳಕೆಯಾಗಿರುವ ಪ್ರಮಾಣದಲ್ಲಿ ಮೂಲದ ಒಂದು ಅಡಿಗೆ ಪ್ರತಿಕೃತಿಯಲ್ಲಿ 4 ಮಿಲಿಮೀಟರು, ಅಂದರೆ ಸುಮಾರು 76ರಲ್ಲಿ ಒಂದು ಪಾಲು. ಎರಡೂಕಾಲು ಅಡಿಯನ್ನು ನಾಲ್ಕರಿಂದ ಗುಣಿಸಿದರೆ ಸರಿಯಾಗಿ 9 ಮಿಲಿಮೀಟರು ಬರುತ್ತದೆ. ಎನ್ ಗೇಜ್ ಎಂಬ ಅತಿ ಸಣ್ಣ ಆಟದ ರೈಲಿನ ಹಳಿಯ ಅಗಲವೂ ಅಷ್ಟೇ ಆಗಿರುವುದರಿಂದ ಹಳಿ, ಗಾಲಿ, ಮೋಟಾರುಗಳೆಲ್ಲ ಸಿದ್ಧವಾಗಿ ದೊರೆಯುತ್ತವೆ. ನಮ್ಮ ನಾಡಿನಲ್ಲಿ ಹಿಂದೆ ಇದ್ದ ತರೀಕೆರೆ–ನರಸಿಂಹರಾಜಪುರ ಮಾರ್ಗ 2 ಅಡಿಯದು. ಅದಕ್ಕೆ 8 ಮಿಲಿಮೀಟರು ಬೇಕು. ಕೋಲಾರದ 2 ಅಡಿ 6 ಅಂಗುಲದ ಮಾರ್ಗಕ್ಕೆ 10 ಬೇಕು. ಇವನ್ನು 9ರ ಹಳಿಯ ಮೇಲೆ ಓಡಿಸುವವನು ಮೊದಲ ಹೆಜ್ಜೆಯಲ್ಲಿಯೇ ಒಂದು ಮಿಲಿಮೀಟರಿನಷ್ಟು ಸುಳ್ಳು ಹೇಳಬೇಕಾಗುತ್ತದೆ. ನಾವು ಆ ಒಂದು ಸುಳ್ಳಿನಿಂದಾದರೂ ಪಾರಾಗಬಯಸಿದೆವು.

ಇನ್ನು ರಾಳದ ವಿಷಯ. ಇದು ಮರದಿಂದ ಒಸರುವ ರಾಳವಲ್ಲ. ಪಾಲಿಯುರೆಥೇನ್ ಎಂಬ ಕೃತಕ ದ್ರವ್ಯ. ಎರಡು ದ್ರವಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿ ಸಿಲಿಕೋನ್ ರಬ್ಬರಿನ ಅಚ್ಚಿಗೆ ಹೊಯ್ದರೆ ಮಿಶ್ರಣವು ತಾನೇ ಕಾವೇರಿ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಆಟದ ಸಾಮಾನುಗಳ ಕಾರ್ಖಾನೆಯಲ್ಲಿ ಬಳಸುವ ಉಕ್ಕಿನ ಅಚ್ಚಿಗೆ ತಗಲುವ ವೆಚ್ಚ ಸಾವಿರಾರು ಪ್ರತಿಗಳು ಮಾರಾಟವಾದರೆ ಮಾತ್ರ ಹಿಂದಿರುಗೀತು. ರಬ್ಬರಿನ ಅಚ್ಚಾದರೋ ಕೆಲವು ಹತ್ತು ಎರಕಗಳಿಗೆ ಸವೆದು ಹರಿದುಹೋದರೂ ಅಗ್ಗ. ಕೊಳ್ಳುವವರು ನೂರಿನ್ನೂರು ಮಂದಿ ಮಾತ್ರ ಇರುವ ಇಂಥ ಎಂಜಿನುಗಳು ಕಿಟ್ಟುಗಳಾಗಿ ದೊರೆಯುತ್ತಿರುವುದು ಈ ಕಾರಣದಿಂದಲೇ. ಅಗ್ಗದ ಅಚ್ಚಿನ ದೋಷಗಳನ್ನು ತಿದ್ದುವ ಹೊಣೆ ಮಾತ್ರ ಕೊಂಡವನದು: ಗಾಳಿಗುಳ್ಳೆಗಳಿಂದಾದ ಸೂಜಿಮೊನೆಯ ತೂತುಗಳು, ಅಚ್ಚಿನ ಸಂದಿನಲ್ಲಿ ಸೋರಿ ನಿಂತ ತೆಳುವಾದ ಅಂಚು, ತೆಳುಭಾಗಗಳ ಸೊಟ್ಟು.

ಪೆಟ್ಟಿಗೆಯನ್ನು ತೆರೆದೊಡನೆ ಅರವನ್ನು ಕೈಗೆ ತೆಗೆದುಕೊಳ್ಳಬಾರದೆಂದು ವಿದ್ಯಾರ್ಥಿಗಳಿಗೆ ಹೇಳಿದ್ದೆವು. ಮೊದಲು ಇತ್ಯರ್ಥವಾಗಬೇಕಾದುದು ವರ್ಷ. ನಮ್ಮ ಕಿಟ್ಟಿನಲ್ಲಿ ಎರಡು ಹೊಗೆಕೊಳವಿಗಳಿದ್ದುವು: ಒಂದು ಸಾಧಾರಣವಾದ ದುಂಡನೆಯದು, ಇನ್ನೊಂದು ಚಪ್ಪಟೆಯಾಗಿ ಉದ್ದಕ್ಕೆ ಚಾಚಿದ್ದು. ಎರಡನೆಯದು ಆಸ್ಟ್ರಿಯದ ಗೀಸ್ಲ್ ಎಂಬ ಇಂಜಿನಿಯರರ ಯೋಜನೆ. ಸಿಲಿಂಡರಿನಿಂದ ಹೊರಬೀಳುವ ಉಗಿಯನ್ನು ಒಂದೇ ಬಾಯಿಯ ಬದಲು ಸಾಲಾಗಿ ನಿಲ್ಲಿಸಿದ ಹಲವು ಸಣ್ಣ ಬಾಯಿಗಳ ಮೂಲಕ ಬಿಟ್ಟು, ಹಿಮ್ಮೊತ್ತಡವನ್ನು ಕಡಮೆ ಮಾಡಿ, ಒಲೆಯ ಸೆಳೆತವನ್ನು ಹೆಚ್ಚಿಸುವುದು ಅದರ ಉದ್ದೇಶ. ಈ ಎಂಜಿನಿಗೆ ಅದನ್ನು 1958ರಲ್ಲಿ ಅಳವಡಿಸಿ 1969ರಲ್ಲಿ ತೆಗೆದರು. ಆ ಮಾರ್ಗದಲ್ಲಿ ಸ್ವಯಂಸೇವಕರಾಗಿದ್ದ ಪಾದ್ರಿ ಆಡ್ರಿಯವರು ತಮ್ಮ ಮಕ್ಕಳ ಕಥೆಗಳಲ್ಲಿ ಇದೇ ಎಂಜಿನನ್ನು ಪೀಟರ್ ಸ್ಯಾಮ್ ಎಂಬ ಪಾತ್ರವಾಗಿಸಿ, 1962ರ ಪುಸ್ತಕವೊಂದರಲ್ಲಿ ಆ ವಿಚಿತ್ರ ಕೊಳವಿಯನ್ನೂ ಸೇರಿಸಿದ್ದರಿಂದ, ಅದು ಎಂದೆಂದಿಗೂ ಹಾಗೆಯೇ ಇದ್ದಿತೆಂದು ಭಾವಿಸುವವರು ಬಹುಮಂದಿ. ವಾಸ್ತವವಾಗಿ ಅದು ಹನ್ನೊಂದು ವರ್ಷಗಳ ಮಾತು. ಚಪ್ಪಟೆ ಕೊಳವಿಯನ್ನು ಅಂಟಿಸಿ ಕಾರಿಸ್ ಕಾಲದ ಪ್ರತಿಕೃತಿಯೆಂದು ತೋರಿಸಿದರೆ ಎಂದೂ ಇಲ್ಲದ ಒಂದು ಯಂತ್ರವನ್ನು ತರಗತಿಗೆ ಕಲಿಸಿದಂತಾಗುತ್ತದೆ. ನೋಡಲು ಅಂದವಿಲ್ಲವೆಂದು ಕೆಲವರು ಆಕ್ಷೇಪಿಸಿದರೂ, ಕಾಲವನ್ನು ಸಂದೇಹವಿಲ್ಲದೆ ಸೂಚಿಸುವುದೆಂಬ ಕಾರಣಕ್ಕೆ ನಾವು ಚಪ್ಪಟೆಯದನ್ನೇ ಆರಿಸಿದೆವು.

ಅನಂತರದ ಕೆಲಸ ತೊಳೆಯುವುದು. ಎರಕವು ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಸವರಿದ ಜಿಡ್ಡು ಅದರ ಮೈಮೇಲೆ ಉಳಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಾತ್ರೆ ತೊಳೆಯುವ ಸಾಬೂನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಬೇಕು. ನಾವು ಮೊದಲ ಸಲ ಅವಸರದಲ್ಲಿ ನೀರಿನಲ್ಲಿ ಅದ್ದಿ ತೆಗೆದೆವಷ್ಟೆ. ಹದಿನೈದು ದಿನಗಳ ಮೇಲೆ, ಬಣ್ಣದ ಅಂಚು ನೇರವಾಗಲೆಂದು ಅಂಟಿಸಿದ್ದ ಪಟ್ಟಿಯನ್ನು ಎತ್ತಿದಾಗ ನೀರಿನ ತೊಟ್ಟಿಯ ಒಂದು ಪಕ್ಕದ ಬಣ್ಣವೆಲ್ಲ ಬಾಳೆಯ ಸಿಪ್ಪೆಯಂತೆ ಸುಲಿದು ಬಂದಿತು. ಎಲ್ಲವನ್ನೂ ಕಿತ್ತು ಹೊಸದಾಗಿ ಆರಂಭಿಸಬೇಕಾಯಿತು.

ರಾಳದ ಧೂಳಿನ ಬಗೆಗೆ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ಅದು ಬಲು ನಯವಾದ ಧೂಳು. ಉಸಿರಿನೊಡನೆ ಶ್ವಾಸಕೋಶಕ್ಕೆ ಹೋಗಬಾರದು. ಆದುದರಿಂದ ಒಣಗಿರುವಾಗ ಉಜ್ಜದೆ ವಾಟರ್‌ಪೇಪರನ್ನು ನೀರಿನಲ್ಲಿ ನೆನೆಸಿಯೇ ಉಜ್ಜಬೇಕು. ಗರಗಸ ಹಾಕುವಾಗ ಮುಖಕ್ಕೆ ಧೂಳು ತಡೆಯುವ ಮುಸುಕು ಇರಬೇಕು. ಪ್ರಯೋಗಾಲಯದಲ್ಲಿ ಇದನ್ನು ವಿದ್ಯಾರ್ಥಿಗಳ ವಿವೇಕಕ್ಕೆ ಬಿಡದೆ ನಿಯಮವಾಗಿಯೇ ವಿಧಿಸಿದೆವು.

ಸೊಟ್ಟಗಾದ ಭಾಗವನ್ನು ಬಿಸಿನೀರಿನಲ್ಲಿ ಕೆಲವು ಕ್ಷಣ ಅದ್ದಿದರೆ ಮೆತ್ತಗಾಗುತ್ತದೆ. ಸಮವಾದ ಗಾಜಿನ ಮೇಲೆ ಒತ್ತಿ ಹಿಡಿದು ತಣಿಸಿದರೆ ನೇರವಾಗಿ ನಿಲ್ಲುತ್ತದೆ. ಸಾಮಾನ್ಯ ಪ್ಲಾಸ್ಟಿಕ್ ಪ್ರತಿಕೃತಿಗಳಿಗೆ ಬಳಸುವ, ಮೈಯನ್ನು ಕರಗಿಸಿ ಬೆಸೆಯುವ ಅಂಟು ಇಲ್ಲಿ ನಿರುಪಯುಕ್ತ. ಒಮ್ಮೆ ಗಟ್ಟಿಯಾದ ಈ ರಾಳ ಅದರಲ್ಲಿ ಕರಗದು. ಸಣ್ಣ ಭಾಗಗಳಿಗೆ ಕ್ಷಣದಲ್ಲಿ ಹಿಡಿಯುವ ಸಯನೊಅಕ್ರಿಲೇಟ್ ಅಂಟನ್ನೂ, ಭಾರ ಹೊರುವ ಕೂಡುಗಳಿಗೆ ಎಪಾಕ್ಸಿಯನ್ನೂ ಬಳಸಬೇಕು. ಮೊದಲನೆಯದರ ಆವಿ ಗಾಜಿನ ಮೇಲೆ ಬಿಳಿಯ ಮಬ್ಬನ್ನು ಬಿಡುವುದರಿಂದ ಚಾಲಕನ ಗೂಡಿನ ಕಿಟಕಿಗಳನ್ನು ಎಲ್ಲ ಕೆಲಸ ಮುಗಿದ ಮೇಲೆ ಬೇರೆ ಅಂಟಿನಿಂದ ಕೂರಿಸಿದೆವು.

ಎರಕದ ಗೋಡೆಯ ದಪ್ಪ ನಮಗೆ ಒಳ್ಳೆಯ ಪಾಠವನ್ನು ಕಲಿಸಿತು. ಗೂಡಿನ ಗೋಡೆ ಒಂದು ಮಿಲಿಮೀಟರು ದಪ್ಪವಿದ್ದಿತು. ಅದನ್ನು 76ರಿಂದ ಗುಣಿಸಿದರೆ ಮೂರು ಅಂಗುಲ! ಇಂಥ ಎಂಜಿನುಗಳ ಗೂಡಿನ ತಗಡು ಸಾಮಾನ್ಯವಾಗಿ ಕಾಲು ಅಂಗುಲವನ್ನು ಮೀರುವುದಿಲ್ಲ. ಗೋಡೆಯನ್ನೆಲ್ಲ ಅಷ್ಟು ತೆಳುವಾಗಿ ಅರೆದರೆ ಉಳಿಯುವುದು ಕಾಗದಕ್ಕಿಂತ ತೆಳುವಾದ ರಾಳ, ಮುಟ್ಟಿದರೆ ಮುರಿಯುವುದು. ಆದುದರಿಂದ ಬಾಗಿಲು ಕಿಟಕಿಗಳ ಅಂಚುಗಳನ್ನು ಮಾತ್ರ ಒಳಗಡೆಯಿಂದ ಓರೆಯಾಗಿ ಕೆತ್ತಿ ತೆಳುಮಾಡಿದೆವು. ನೋಡುವವನ ಕಣ್ಣು ದಪ್ಪವನ್ನು ಅಳೆಯುವುದು ಅಂಚಿನಲ್ಲಿಯೇ. ಎರಕದಲ್ಲಿಯೇ ಮೂಡಿಬಂದಿದ್ದ ಕೈಪಿಡಿಯ ಸಲಾಕೆಗಳನ್ನು ಕೆತ್ತಿಹಾಕಿ, ಕೈಬೈರಿಗೆಯಿಂದ ತೂತು ಕೊರೆದು 0.4 ಮಿಲಿಮೀಟರಿನ ಹಿತ್ತಾಳೆ ತಂತಿಯನ್ನು ಹಾಕಿದೆವು. ಮೂಲದ ಅಳತೆಗೆ ಅದು ಒಂದೂಕಾಲು ಅಂಗುಲದಷ್ಟಾಗುತ್ತದೆ; ಮನುಷ್ಯನ ಕೈ ಹಿಡಿಯತಕ್ಕ ಗಾತ್ರವೇ.

ಕಠಿನವಾದ ಸಂಧಾನ ಚೌಕಟ್ಟಿನಲ್ಲಿ ಆಯಿತು. ಮೂಲ ಎಂಜಿನಿಗೆ ಒಂದಕ್ಕೊಂದು ಜೋಡಿಸಿದ ನಾಲ್ಕು ಚಾಲಕ ಗಾಲಿಗಳೂ ಹಿಂದೆ ಎರಡು ಸಣ್ಣ ಸ್ವತಂತ್ರ ಗಾಲಿಗಳೂ ಉಂಟು. ಕಿಟ್ಟಿನವರು ಸೂಚಿಸಿದ್ದ ಮೋಟಾರು ಚೌಕಟ್ಟಿನಲ್ಲಾದರೋ ಆರು ಗಾಲಿಗಳೂ ಸಮಗಾತ್ರ, ಆರೂ ಜೋಡಣೆಗೊಂಡವು. ಹಿಂದಿನ ಜೋಡಿಯನ್ನು ತೆಗೆದು ಚಿಕ್ಕ ಗಾಲಿಗಳನ್ನು ಸಡಿಲವಾಗಿ ತೂಗುಹಾಕಿದೆವು. ನೋಟ ಸರಿಯಾಯಿತು, ಓಟ ಕೆಟ್ಟಿತು: ಹಿಂಭಾಗಕ್ಕೆ ಆಧಾರ ತಪ್ಪಿ ಎಂಜಿನು ಮೂತಿಯೆತ್ತಿ ನಿಂತಿತು, ಹನ್ನೆರಡು ವೋಲ್ಟಿನ ವಿದ್ಯುತ್ತನ್ನು ಹಳಿಯಿಂದ ಎತ್ತಿಕೊಳ್ಳಲು ನಾಲ್ಕೇ ಗಾಲಿಗಳು ಉಳಿದುದರಿಂದ ಅಲ್ಲಲ್ಲಿ ತಡೆದು ನಿಲ್ಲತೊಡಗಿತು. ಪರಿಹಾರ ತೂಕದಲ್ಲಿದ್ದಿತು. ರಾಳ ಹಗುರ; ತೊಟ್ಟಿಯ ಪೊಳ್ಳಿನಲ್ಲಿ ಸೀಸವನ್ನು ಮುಂದಕ್ಕೆ ತುಂಬಿ, ಗುರುತ್ವಕೇಂದ್ರವು ಎರಡು ಚಾಲಕ ಅಚ್ಚುಗಳ ನಡುವೆ ಬೀಳುವವರೆಗೂ ಪೆನ್ಸಿಲಿನ ಮೇಲಿಟ್ಟು ತೂಗಿ ನೋಡಿದೆವು.

ಸೀಸದ ಗುಂಡುಗಳನ್ನು ಬಡಗಿಗಳ ಬಿಳಿಯ ಅಂಟಿನಿಂದ ಕೂರಿಸುವ ಅಭ್ಯಾಸ ಕೆಲವರಲ್ಲಿ ಇದೆ. ಇದು ಮಹಾಪ್ರಮಾದ. ಆ ಅಂಟು ಸೀಸದೊಡನೆ ವರ್ತಿಸಿ, ಸೀಸವು ಕ್ರಮೇಣ ಕಾರ್ಬೊನೇಟಾಗಿ ಉಬ್ಬುತ್ತದೆ. ಕೆಲವು ವರ್ಷಗಳ ಮೇಲೆ, ಯಾರೂ ಮುಟ್ಟದೆಯೇ, ಬಾಯ್ಲರು ಒಳಗಿನಿಂದ ಸೀಳುತ್ತದೆ. ಎಪಾಕ್ಸಿಯಲ್ಲಿ ಈ ಭಯವಿಲ್ಲ. ಬರಿಗೈಯಿಂದ ಸೀಸವನ್ನು ಮುಟ್ಟಿದವರು ಕೈ ತೊಳೆಯಬೇಕೆಂಬುದನ್ನು ಹೇಳಬೇಕಾಗಿಲ್ಲ.

ಬಣ್ಣದ ವಿಷಯಕ್ಕೆ ಬರೋಣ. ಮೊದಲು ಬೂದುಬಣ್ಣದ ಪ್ರೈಮರನ್ನು ತೆಳುವಾಗಿ ತುಂತುರಿಸಬೇಕು. ಅದು ಬಿದ್ದ ಮೇಲೆಯೇ ಅಡಗಿದ್ದ ತೂತುಗಳೂ ಗೀರುಗಳೂ ಬೆಳಕಿಗೆ ಬರುವುದು. ಪುಟ್ಟಿ ತುಂಬಿ, ಉಜ್ಜಿ, ಮತ್ತೆ ಪ್ರೈಮರು. ನಮಗೆ ಇದು ಮೂರು ಆವೃತ್ತಿಯಾಯಿತು. ಬಣ್ಣದ ಪದರಗಳೆಲ್ಲ ಸೇರಿ ಹತ್ತನೆಯ ಒಂದು ಮಿಲಿಮೀಟರು ದಪ್ಪವಾದರೂ ಮೂಲದ ಅಳತೆಗೆ ಅದು ಕಾಲು ಅಂಗುಲಕ್ಕಿಂತ ಹೆಚ್ಚು. ರಿವೆಟ್ಟುಗಳ ತಲೆಗಳು ಮುಳುಗಿಹೋಗುವುವು. ಮೇಲಿನ ಬಣ್ಣ ಟ್ಯಾಲಿಲಿನ್ನಿನ ಕಡುಹಸಿರು. ಸುತ್ತ ಕಪ್ಪು ಅಂಚು, ಹಳದಿಯ ಗೆರೆ. ಗೆರೆಗಳ ಅಂಟುಚಿತ್ರಗಳು ನಯವಾದ ಮೈಮೇಲೆ ಮಾತ್ರ ಚೆನ್ನಾಗಿ ಕೂರುವುದರಿಂದ ಮೊದಲು ಹೊಳಪಿನ ವಾರ್ನಿಷು, ಅವು ಒಣಗಿದ ಮೇಲೆ ಹೊಳಪನ್ನು ತಗ್ಗಿಸುವ ಇನ್ನೊಂದು ವಾರ್ನಿಷು. ಮಸಿ ತುಕ್ಕುಗಳನ್ನು ಧಾರಾಳವಾಗಿ ಬಳಿಯುವುದು ಈಗಿನ ಹವ್ಯಾಸಿಗಳ ಒಲವು. ಸ್ವಯಂಸೇವಕರು ದಿನವೂ ಒರಸಿ ಇಟ್ಟುಕೊಂಡಿದ್ದ ಎಂಜಿನಿಗೆ ಅದು ಅನ್ಯಾಯವೆಂದು ನಮಗೆ ತೋರಿತು. ಚೌಕಟ್ಟಿನ ಕೆಳಭಾಗದಲ್ಲಿ ಸ್ವಲ್ಪ ಎಣ್ಣೆಗಪ್ಪನ್ನು ಹಚ್ಚಿ ಸುಮ್ಮನಾದೆವು.

ಪ್ರತಿಕೃತಿಯ ಪೀಠದ ಕೆಳಗೆ ಒಂದು ಚೀಟಿಯನ್ನು ಅಂಟಿಸಿದ್ದೇವೆ. ಅದರಲ್ಲಿ ಹೀಗಿದೆ: ಸ್ಥಿತಿ, 1958ರಿಂದ 1969ರೊಳಗಿನದು, ಹಳಿಯ ಅಗಲ, ನಿಷ್ಠ, ಚಾಲಕ ಅಚ್ಚುಗಳ ನಡುವಣ ಅಂತರ, ಕೊಂಡ ಚೌಕಟ್ಟಿನದು, ಮೂಲದ್ದಲ್ಲ, ಹಿಂದಿನ ಗಾಲಿಗಳು ಭಾರ ಹೊರುವುದಿಲ್ಲ, ಮೂಲದಲ್ಲಿ ಹೊರುತ್ತವೆ, ಗೂಡಿನ ಗೋಡೆ, ಅಂಚಿನಲ್ಲಿ ಮಾತ್ರ ತೆಳು, ಹಸಿರಿನ ಛಾಯೆ, ಮುದ್ರಿತ ವರ್ಣಚಿತ್ರಗಳನ್ನು ನೋಡಿ ಹೊಂದಿಸಿದ್ದು, ಅಂದಾಜು. ಎಂಜಿನನ್ನು ಕೈಗೆತ್ತಿಕೊಳ್ಳುವ ವಿದ್ಯಾರ್ಥಿಗೆ ಮೊದಲು ಈ ಚೀಟಿಯನ್ನು ಓದಿಸಿ, ಆಮೇಲೆ ಹಳಿಯ ಮೇಲೆ ಇಡಿಸುತ್ತೇವೆ.