ಪೊಟ್ಟಣದೊಳಗಿನ ಪುಟ್ಟ ಪ್ರಾಣಿಗಳು

ಗೃಹಸ್ಥನು ಕಾಪಿಡುವ ವಸ್ತುಗಳೆಲ್ಲವೂ ಬೆಲೆಯುಳ್ಳವೇ ಆಗಿರಬೇಕೆಂಬ ನಿಯಮವಿಲ್ಲ. ಮಂಗಳೂರಿನ ರಥಬೀದಿಯ ಬಳಿಯಿದ್ದ ನಮ್ಮ ಹಿರಿಯರ ಮನೆ ಪಾಲಾದಾಗ, ಅಮ್ಮನ ಕಪಾಟಿನಲ್ಲಿ ದೊರೆತ ಬಿಸ್ಕತ್ತಿನ ಡಬ್ಬಿಯೊಂದನ್ನು ಗುಜರಿಯವನು ತೂಕಕ್ಕೆ ಹಾಕುವುದರಲ್ಲಿದ್ದನು. ಮುಚ್ಚಳ ತೆರೆದು ನೋಡಿದರೆ, ಬೆರಳ ತುದಿಯಷ್ಟೇ ಗಾತ್ರದ ಪ್ಲಾಸ್ಟಿಕ್ಕಿನ ಪ್ರಾಣಿಗಳು!

ಕಳೆದ ಶತಮಾನದ 70ರ ದಶಕದಲ್ಲಿ ಬಿನಾಕಾ ಟೂತ್‌ಪೇಸ್ಟಿನ ಪೊಟ್ಟಣದಲ್ಲಿ ಇಂತಹ ಪ್ರಾಣಿಗಳು ಬರುತ್ತಿದ್ದುದನ್ನು ವಾಚಕರಲ್ಲಿ ಹಲವರು ಬಲ್ಲರು. ಪೇಸ್ಟು ಬೇಗನೆ ಮುಗಿಯಲೆಂದು ಅಣ್ಣನೂ ನಾನೂ ಬ್ರಷ್ಷಿಗೆ ಇಮ್ಮಡಿ ಹಚ್ಚಿ ಅಮ್ಮನಿಂದ ಬೈಸಿಕೊಂಡುದುಂಟು. ಬೈದವರೇ ಅವನ್ನೆಲ್ಲ ಜೋಪಾನವಾಗಿ ಇರಿಸಿದ್ದರೆಂಬುದು ನಮಗೆ ಅಂದಿನವರೆಗೂ ತಿಳಿದಿರಲಿಲ್ಲ.

ಈ ಪದ್ಧತಿ ಹಳೆಯದು. ಅಮೇರಿಕೆಯಲ್ಲಿ ಜೋಳದ ಅರಳಿಗೂ ನೆಲಗಡಲೆಗೂ ಕಾಕಂಬಿಯ ಪಾಕ ಹಿಡಿಸಿ ಮಾರುವ 'ಕ್ರ್ಯಾಕರ್ ಜ್ಯಾಕ್' ತಿಂಡಿಯವರು 1912ರಿಂದ ಪೊಟ್ಟಣದಲ್ಲಿ ಆಟಿಕೆಯಿಡತೊಡಗಿದರು. ಮೊದಲಿಗೆ ಕಾಗದ, ತಗಡುಗಳಿಂದ ಮಾಡುತ್ತಿದ್ದರು. ದ್ವಿತೀಯ ಮಹಾಯುದ್ಧದ ತರುವಾಯ ಪ್ಲಾಸ್ಟಿಕ್ಕು ಪ್ರಬಲವಾಯಿತು. 2016ರಲ್ಲಿ ಆಟಿಕೆಯ ಸ್ಥಾನಕ್ಕೆ ಫೋನಿನಿಂದ ಓದತಕ್ಕ ಸಂಕೇತದ ಚೀಟಿ ಬಂದಿತು. ಚೀಟಿಯನ್ನು ಡಬ್ಬಿಯಲ್ಲಿಟ್ಟು ಕಾಯುವ ತಾಯಿ ಎಲ್ಲಿ ಸಿಕ್ಕಾಳು?

ಇಂತಹ ಆಟಿಕೆಗಳು ಮನೆಯಲ್ಲಿರುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಬಿಸಿಲು ಬಣ್ಣವನ್ನು ಕೆಡಿಸಿ ಪ್ಲಾಸ್ಟಿಕ್ಕನ್ನು ಪೆಡಸಾಗಿಸುವುದು. ನಮ್ಮೂರ ಮಳೆಗಾಲದಲ್ಲಿ ಕೈಜಿಡ್ಡು, ಧೂಳುಗಳ ಮೇಲೆ ಬೂಷ್ಟು ಹಿಡಿಯುವುದು. ಆದುದರಿಂದ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ನೆರಳಿನಲ್ಲಿ ಚೆನ್ನಾಗಿ ಆರಿಸಿಡಬೇಕು. ಪೆಟ್ರೋಲನ್ನು ಸೋಂಕಿಸಬಾರದು. ಬಟ್ಟೆಗೆ ಹಾಕುವ ನುಸಿಗುಳಿಗೆಯನ್ನಂತೂ ಹತ್ತಿರವೂ ಇಡಕೂಡದು. ಅದರ ಆವಿಯಿಂದ ಕೆಲವು ಬಗೆಯ ಗಟ್ಟಿ ಪ್ಲಾಸ್ಟಿಕ್ಕು ಮೆತ್ತಗಾಗುವುದು. ರಬ್ಬರಿನಂತೆ ಬಾಗುವ ಬೊಂಬೆಗಳನ್ನು ಗಟ್ಟಿಯವುಗಳೊಡನೆ ಬೆರೆಸದೆ, ಒಂದೊಂದನ್ನೂ ತೆಳುಕಾಗದದಲ್ಲಿ ಸುತ್ತಿಡುವುದು ಲೇಸು. ಎಲ್ಲಕ್ಕಿಂತ ಮುಖ್ಯವಾಗಿ, ಎಳೆಯ ಮಕ್ಕಳ ಕೈಗೆ ಕೊಡಲಾಗದು. ಗಂಟಲಲ್ಲಿ ಸಿಕ್ಕಿದರೆ ಪ್ರಾಣಾಪಾಯ. ತಿಂಡಿಯೊಳಗೆ ತಿನ್ನಲಾಗದ ವಸ್ತುವನ್ನು ಹುದುಗಿಸುವುದನ್ನು ಅಮೇರಿಕೆಯ 1938ರ ಕಾಯಿದೆಯು ನಿಷೇಧಿಸಿದೆ.

ಆಟಿಕೆಯ ಆಸೆಗಾಗಿ ಬೇಡದ ತಿಂಡಿಯನ್ನು ಕೊಂಡು ಕಸ ಹೆಚ್ಚಿಸಿರೆಂದು ನಾನು ಹೇಳುವುದಿಲ್ಲ. ಮನೆಯ ಮೂಲೆಯಲ್ಲಿ ಈಗಾಗಲೇ ಇರುವುದನ್ನು ಎಸೆಯುವ ಮುನ್ನ ಒಮ್ಮೆ ತೆರೆದು ನೋಡಿರೆಂಬುದಷ್ಟೇ ನನ್ನ ವಿಜ್ಞಾಪನೆ. ನಮ್ಮ ಮನೆ ಪಾಲಾಯಿತು, ಪಾತ್ರೆಗಳೂ ಪಾಲಾದುವು. ಆ ಡಬ್ಬಿ ಮಾತ್ರ ಪಾಲಾಗಿಲ್ಲ. ಅದು ಆರು ತಿಂಗಳು ಅಣ್ಣನಲ್ಲಿ, ಆರು ತಿಂಗಳು ನನ್ನಲ್ಲಿ ಇರುತ್ತದೆ. ಅದನ್ನು ಒಪ್ಪಿಸುವ ನೆಪದಿಂದಲಾದರೂ ನಾವು ವರ್ಷಕ್ಕೆರಡು ಬಾರಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತೇವೆ.