ದ್ಯೂತಗೃಹಗಳ ಬೆಳ್ಳಿಯ ಬಿಲ್ಲೆಗಳು: ಅವುಗಳ ಸಂಗ್ರಹವೂ ಕ್ರಯವಿಕ್ರಯವೂ

ನಾಣ್ಯವು ರಾಜಮುದ್ರೆಯ ಬಲದಿಂದ ನಡೆಯತಕ್ಕುದು. ಬಿಲ್ಲೆಯಾದರೋ ಅದನ್ನು ಹೊರಡಿಸಿದವನ ಮಾತಿನ ಬಲದಿಂದ ಮಾತ್ರ ನಡೆಯತಕ್ಕುದು. ಬಿಲ್ಲೆಗಳು ಸಾಮಾನ್ಯವಾಗಿ ಹೀನಲೋಹದವಾಗಿರುವುವು. ಈ ನಿಯಮಕ್ಕೆ ಅಪವಾದವಾಗಿ, ಅಮೆರಿಕಾ ಸಂಯುಕ್ತಸಂಸ್ಥಾನಗಳಲ್ಲೊಂದಾದ ನೆವಾಡಾದ ದ್ಯೂತಗೃಹಗಳು, ಎಂದರೆ ಕ್ಯಾಸಿನೋಗಳು, 1992ರಿಂದ ಹತ್ತು ಡಾಲರಿನ ಬೆಳ್ಳಿಯ ಬಿಲ್ಲೆಗಳನ್ನು ಹೊರಡಿಸಿದುವು. ಇವನ್ನು ಸಂಗ್ರಹಿಸುವವರೂ ಕೊಂಡು ಮಾರುವವರೂ ಅಲ್ಲಿ ಅನೇಕರು. ಇಂತಹ ಬಿಲ್ಲೆಯ ಬೆಲೆಯೆಷ್ಟೆಂಬ ಪ್ರಶ್ನೆಗೆ ಉತ್ತರವು ಒಂದಲ್ಲ, ಮೂರು. ಇವುಗಳಲ್ಲಿ ಒಂದನ್ನು ಮತ್ತೊಂದೆಂದು ಭ್ರಮಿಸಿದವನಿಗೆ ನಷ್ಟವು ತಪ್ಪದು.

ಮೊದಲು ಇವುಗಳ ಉತ್ಪತ್ತಿಯನ್ನು ನೋಡತಕ್ಕುದು. ನೆವಾಡಾದ ಜೂಜಿನ ಯಂತ್ರಗಳಲ್ಲಿ ಪೂರ್ವದಲ್ಲಿ ಸರಕಾರದ ಬೆಳ್ಳಿಯ ಡಾಲರುಗಳೇ ನಡೆಯುತ್ತಿದ್ದುವು. ಆ ಡಾಲರಿನಲ್ಲಿ 0.7734 ಟ್ರಾಯ್ ಔನ್ಸು ಶುದ್ಧ ಬೆಳ್ಳಿಯಿದ್ದಿತು. 1963ರಲ್ಲಿ ಬೆಳ್ಳಿಯ ಧಾರಣೆ ಔನ್ಸಿಗೆ 1.29 ಡಾಲರಿಗೆ ಏರಿದಾಗ ನಾಣ್ಯದೊಳಗಿನ ಲೋಹವೇ ಒಂದು ಡಾಲರು ಬಾಳುವಂತಾಯಿತು. ಜನರು ಡಾಲರುಗಳನ್ನು ಬಚ್ಚಿಡತೊಡಗಿದರು. 1964ರ ಮಾರ್ಚಿ ತಿಂಗಳಿನಲ್ಲಿ ಖಜಾನೆಯು ಅವನ್ನು ಕೊಡುವುದನ್ನೇ ನಿಲ್ಲಿಸಿತು. ಯಂತ್ರಗಳಿಗೆ ನಾಣ್ಯವಿಲ್ಲದಂತಾಗಲು, 1965ರಿಂದ ದ್ಯೂತಗೃಹಗಳು ಖಾಸಗಿ ಟಂಕಸಾಲೆಗಳಲ್ಲಿ ಹೀನಲೋಹದ ಬಿಲ್ಲೆಗಳನ್ನು ಅಚ್ಚುಹಾಕಿಸಿದುವು.

1992ರ ಬೆಳ್ಳಿಯ ಬಿಲ್ಲೆಗಳು ಇವುಗಳ ಸಂತತಿ. ಯಂತ್ರದಲ್ಲಿ ಗೊತ್ತಾದ ಗುರುತುಗಳು ಸಾಲುಗೂಡಿದರೆ, ಪಾರದರ್ಶಕವಾದ ಕರಂಡಕದಲ್ಲಿಟ್ಟ ಬಿಲ್ಲೆಯೊಂದು ಹೊರಬೀಳುತ್ತಿದ್ದಿತು. ಅದರ ನಡುವಣ ಭಾಗವು 999 ಶುದ್ಧತೆಯ ಬೆಳ್ಳಿ, ತೂಕ ಸುಮಾರು 0.6 ಔನ್ಸು, ಎಂದರೆ ನಮ್ಮ 1.6 ತೊಲ, ಸುತ್ತಣ ಅಂಚು ಹಿತ್ತಾಳೆಯಂತಹ ಲೋಹ. ಗೆದ್ದವನು ಅದನ್ನು ಹತ್ತು ಡಾಲರಿಗೆ ಹಿಂದಿರುಗಿಸಬಹುದಾಗಿದ್ದಿತು, ಇಲ್ಲವೇ ಮನೆಗೆ ಕೊಂಡೊಯ್ಯಬಹುದಾಗಿದ್ದಿತು. ಆಗ ಬೆಳ್ಳಿಯ ಧಾರಣೆ ಔನ್ಸಿಗೆ ಸುಮಾರು ನಾಲ್ಕು ಡಾಲರು. ಬಿಲ್ಲೆಯಲ್ಲಿನ ಬೆಳ್ಳಿಯ ಬೆಲೆ ಎರಡೂವರೆ ಡಾಲರಿಗೂ ಕಡಮೆ. ಆದುದರಿಂದ ಹಿಂದಿರುಗದ ಬಿಲ್ಲೆಯೊಂದೊಂದೂ ದ್ಯೂತಗೃಹಕ್ಕೆ ಲಾಭವಾಗುತ್ತಿದ್ದಿತು.

ಹೀಗೆ ಬಿಲ್ಲೆಗೆ ಮೂರು ಬೆಲೆಗಳು ಏರ್ಪಟ್ಟುವು: ಗೃಹವು ಒಪ್ಪಿದ ಮುಖಬೆಲೆ, ಲೋಹದ ಬೆಲೆ, ಸಂಗ್ರಾಹಕನು ಕೊಡುವ ಬೆಲೆ. ಇವುಗಳಲ್ಲಿ ಮೊದಲನೆಯದು ಸ್ಥಿರವೆಂದು ತೋರುವುದಾದರೂ ಅಲ್ಪಾಯುವಾದುದು. ನೆವಾಡಾದ ನಿಬಂಧನೆಯ ಪ್ರಕಾರ ಬಿಲ್ಲೆಯು ಗೃಹದ ಋಣವನ್ನು ಸೂಚಿಸುವ ಕುರುಹು ಮಾತ್ರ. ಅದರ ಸ್ವಾಮ್ಯವು ಹೊರಡಿಸಿದವರದೇ ಹೊರತು ಹಿಡಿದವನದಲ್ಲ. ಗೃಹವು ಮುಚ್ಚಿದರೆ ಪ್ರಕಟಣೆಯಿತ್ತು ಕನಿಷ್ಠ 120 ದಿನ ಹಣ ಕೊಡಬೇಕು. ಆ ಅವಧಿ ಕಳೆದ ಬಳಿಕ ಉಳಿಯುವುವು ಕಡೆಯ ಎರಡು ಬೆಲೆಗಳೇ.

ಎರಡನೆಯ ಬೆಲೆಯಾದರೋ ಮೊದಲನೆಯದನ್ನು ಮೀರಿಹೋಯಿತು. ಧಾರಣೆಯು ಔನ್ಸಿಗೆ 16.67 ಡಾಲರನ್ನು ದಾಟಿದರೆ ಬಿಲ್ಲೆಯ ಬೆಳ್ಳಿಯೇ ಹತ್ತು ಡಾಲರಿಗಿಂತ ಹೆಚ್ಚು ಬಾಳುವುದು. 2011ರ ಏಪ್ರಿಲ್ ತಿಂಗಳಿನಲ್ಲಿ ಧಾರಣೆಯು 48 ಡಾಲರಿನ ಸಮೀಪಕ್ಕೆ ಏರಿದಾಗ ಅದರ ಲೋಹವು ಸುಮಾರು 29 ಡಾಲರು ಬಾಳಿತು. ಡಾಲರನ್ನು ಚಲಾವಣೆಯಿಂದ ಓಡಿಸಿದ ಕಾರಣವೇ ಅದರ ಸ್ಥಾನಕ್ಕೆ ಬಂದ ಬಿಲ್ಲೆಯನ್ನೂ ಹಿಡಿಯಿತು. ಬೆಳ್ಳಿಗೆ ಮುದ್ರೆಯ ಮೇಲೆ ಮಮತೆಯಿಲ್ಲ. 1918ರ ಪಿಟ್‌ಮನ್ ಶಾಸನದಂತೆ ಸುಮಾರು 27 ಕೋಟಿ ಡಾಲರುಗಳು ಕರಗಿಸಲ್ಪಟ್ಟು, ಅದರಲ್ಲಿ ಬಹುಭಾಗವು ಭಾರತಕ್ಕೆ ಬಂದು ರೂಪಾಯಿಗಳಾದುದು ಇದಕ್ಕೆ ನಿದರ್ಶನ.

ಮೂರನೆಯ ಬೆಲೆಯು ಗೃಹದ ಹೆಸರು, ಚಿತ್ರ, ವಿರಳತೆ, ಕರಂಡಕದ ಸುಸ್ಥಿತಿ ಇವನ್ನು ಅವಲಂಬಿಸಿದೆ. 1988ರಲ್ಲಿ ಸಂಗ್ರಾಹಕರ ಸಂಘವೊಂದು ಸ್ಥಾಪಿತವಾದ ಮೇಲೆ ಇದರ ವಿಚಾರವು ಹೆಚ್ಚು ಕ್ರಮಬದ್ಧವಾಯಿತು. ಆದರೆ ಇದು ಜನರ ಅಭಿರುಚಿಯ ಮೇಲೆ ನಿಂತುದರಿಂದ ಮೂರರಲ್ಲಿಯೂ ಚಂಚಲವಾದುದು.

ಕೊಳ್ಳುವವನು ಗಮನಿಸತಕ್ಕ ವಿಷಯಗಳೆರಡು. ಅಂಚಿನ ಸಮೇತ ತೂಗಿ ಎಲ್ಲವನ್ನೂ ಬೆಳ್ಳಿಯೆಂದು ಎಣಿಸಿದರೆ ಹಿತ್ತಾಳೆಗೆ ಬೆಳ್ಳಿಯ ಹಣ ತೆತ್ತಂತಾಗುವುದು. ಅಲ್ಲದೆ, ತರುವಾಯ ಬೆಳ್ಳಿಯ ಲೇಪ ಮಾತ್ರವುಳ್ಳ ಬಿಲ್ಲೆಗಳೂ ಹೊರಟುದರಿಂದ, ಶುದ್ಧತೆಯ ಮುದ್ರೆಯನ್ನು ಪರೀಕ್ಷಿಸದೆ ಕೊಳ್ಳಲಾಗದು.

ಸುಮಾರು 2000ದಿಂದ ಯಂತ್ರಗಳಲ್ಲಿ ನಾಣ್ಯಕ್ಕೆ ಬದಲಾಗಿ ಕಾಗದದ ಚೀಟಿ ರೂಢಿಗೆ ಬಂದಿತು. ಲೋಹದ ಬಿಲ್ಲೆಗಳು ಕ್ರಮೇಣ ಹಿಂದೆ ಸರಿದುವು. ಧಾರಣೆಯೇರಿದಂತೆಲ್ಲಾ ಸಾಧಾರಣವಾದವು ಮೂಸೆಗೆ ಬೀಳುವುವು. ಉಳಿದವು ಅದರಿಂದಲೇ ವಿರಳವಾಗುವುವು. ಇಂದು ಲೋಹದ ಬೆಲೆಗೆ ಮಾರಿಹೋಗುವ ಬಿಲ್ಲೆಯೇ ನಾಳಿನ ಅಭ್ಯಾಸಿಗೆ ದೊರಕದ ಸಾಧನವಾಗಬಹುದು. ತಾನು ತೆರುವ ಹಣವು ಮೂರರಲ್ಲಿ ಯಾವ ಬೆಲೆಗೆಂಬುದನ್ನು ನಿರ್ಧರಿಸಿಕೊಂಡವನೇ ಇವನ್ನು ಕೊಳ್ಳಲೂ ಮಾರಲೂ ಅರ್ಹನು.