ಕೆಸರಿಗೊಂದು ಗಾಲಿ, ಡಾಂಬರಿಗೊಂದು

ನಾರಾಯಣಪುರದ ಎಡದಂಡೆ ಕಾಲುವೆಗೆ ಮುಂಗಾರಿನ ನೀರು ಬಿಡುವ ದಿನ ಗೊತ್ತಾದರೆ ಸಾಕು, ಕೊಡೇಕಲ್, ಹುಣಸಗಿ, ಸುರಪುರದ ರಸ್ತೆಯುದ್ದಕ್ಕೂ ಬೀಜ-ಗೊಬ್ಬರದ ಅಂಗಡಿಗಳ ಮುಂದಿರುವಷ್ಟೇ ಗಡಿಬಿಡಿ ಟೈರ್ ಅಂಗಡಿಗಳ ಮುಂದೆಯೂ ಶುರುವಾಗುತ್ತದೆ. ಜಾಕ್ ಮೇಲೆ ನಿಂತ ಟ್ರ್ಯಾಕ್ಟರು, ಪಕ್ಕದಲ್ಲಿ ಬಿಚ್ಚಿಟ್ಟ ಎದೆಮಟ್ಟದ ಟೈರು, ಗೋಡೆಗೆ ಒರಗಿಸಿದ ಕಬ್ಬಿಣದ ಕೇಜ್‌ವೀಲು. ಇಲ್ಲಿ ಕೈಯೆಲ್ಲ ಗ್ರೀಸು ಮಾಡಿಕೊಂಡು ಕೆಲಸ ಮಾಡುವವರು ಪಂಚರ್ ಹಾಕುವವರು ಮಾತ್ರ ಅಲ್ಲ. ಯಾವ ಹೊಲಕ್ಕೆ ಯಾವ ಗಾಲಿ ಎಂದು ತೀರ್ಮಾನ ಮಾಡುವವರೂ ಅವರೇ. ಈ ಭಾಗದ ಬೇಸಾಯದಲ್ಲಿ ಅವರ ಪಾಲು ದೊಡ್ಡದು. ಅದನ್ನು ಬರೆದಿಟ್ಟವರು ಮಾತ್ರ ಕಡಿಮೆ.

ಬೆಂಗಳೂರಿನಲ್ಲಿ ಸ್ಪೋರ್ಟ್ಸ್ ಕಾರು ಕೊಂಡ ತರುಣರು ಕಂಪನಿಯ ಗಾಲಿ ಬಿಚ್ಚಿಸಿ ದೊಡ್ಡ ಅಲಾಯ್ ರಿಮ್ಮು, ಅಗಲದ ಟೈರು ಹಾಕಿಸುವ ಹುಮ್ಮಸ್ಸು ನಮಗೆಲ್ಲ ಗೊತ್ತು. ತಿಳಿದು ಮಾಡುವವರು ಒಂದು ಲೆಕ್ಕ ಹಿಡಿಯುತ್ತಾರೆ. 195/55 ಆರ್ 15 ಟೈರಿನ ಒಟ್ಟು ಎತ್ತರ ಸುಮಾರು 595 ಮಿ.ಮೀ. ರಿಮ್ಮನ್ನು 16 ಇಂಚಿಗೆ ಏರಿಸಬೇಕಾದರೆ ಟೈರಿನ ಗೋಡೆಯನ್ನು ಗಿಡ್ಡ ಮಾಡಿ 205/45 ಆರ್ 16 ಹಾಕಬೇಕು. ಆಗ ಎತ್ತರ 591 ಮಿ.ಮೀ. ಆಗುತ್ತದೆ, ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ಇದು ಮೂರು ದಾಟಿದರೆ ಸ್ಪೀಡೋಮೀಟರ್ ಸುಳ್ಳು ಹೇಳತೊಡಗುತ್ತದೆ, ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ಅಗಲ, ಎತ್ತರ, ರಿಮ್ಮು, ಒಳಗೆ-ಹೊರಗೆ ಎಷ್ಟು ಚಾಚಬೇಕು ಎಂಬ ಈ ನಾಲ್ಕು ಲೆಕ್ಕಗಳೇ ನಾರಾಯಣಪುರದ ಟ್ರ್ಯಾಕ್ಟರಿಗೂ ಅನ್ವಯ. ಕಾರಿನಲ್ಲಿ ತಪ್ಪಿದರೆ ಸವಾರಿಯ ಸುಖ ಕೆಡುತ್ತದೆ. ಇಲ್ಲಿ ತಪ್ಪಿದರೆ ನಾಟಿ ತಡವಾಗುತ್ತದೆ, ಗೇರ್‌ಬಾಕ್ಸ್ ಹೋಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ.

ಈ ಗಾಲಿಗಳ ಕಥೆ ಅಣೆಕಟ್ಟಿನಿಂದಲೇ ಶುರುವಾಗಬೇಕು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಬಿತ್ತು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. 29 ಮೀಟರ್ ಎತ್ತರ, ಹತ್ತೂವರೆ ಕಿಲೋಮೀಟರ್ ಮೀರಿದ ಉದ್ದ, ಜಲಾಶಯದ ಪೂರ್ಣ ಮಟ್ಟ 492.25 ಮೀಟರ್. ಅದಕ್ಕೂ ಮೊದಲು ಇದು ಜೋಳ, ಸಜ್ಜೆ, ತೊಗರಿ, ಶೇಂಗಾದ ಒಣ ಸೀಮೆ. ಕಾಲುವೆಯನ್ನು ಯೋಜಿಸಿದ್ದೂ ಅಂಥ ಹಗುರ ನೀರಾವರಿ ಬೆಳೆಗಳಿಗಾಗಿಯೇ. ಆದರೆ ನೀರು ಕಂಡ ರೈತ ಭತ್ತ ಹಚ್ಚಿದ. ಕೊನೆ ಭಾಗದವರಿಗೆ ನೀರು ಮುಟ್ಟದಿರುವ ಸಂಕಟಕ್ಕೆ ಅದೂ ಒಂದು ಕಾರಣ. ಆ ಜಗಳ ಇವತ್ತಿಗೂ ಮುಗಿದಿಲ್ಲ, ಅದರ ನ್ಯಾಯವನ್ನು ಬೇರೆಯಾಗಿಯೇ ಬರೆಯಬೇಕು. ಗಾಲಿಯ ಮಟ್ಟಿಗೆ ಆದದ್ದಿಷ್ಟು: ಒಣ ಹೊಲದಲ್ಲಿ ರಂಟೆ ಹೊಡೆಯುತ್ತಿದ್ದ ಟ್ರ್ಯಾಕ್ಟರು ಮೊಣಕಾಲುದ್ದ ಕೆಸರಿಗೆ ಇಳಿಯಿತು. ಎರೆ ಮಣ್ಣಿನ ಕೆಸರು ಬೇರೆ. ಒಣಗಿದರೆ ಬಾಯಿ ಬಿಡುವ, ನೆನೆದರೆ ಉಬ್ಬಿ ಅಂಟಿಕೊಳ್ಳುವ ಮಣ್ಣು ಅದು.

ಹಾಗಾಗಿ ಅನುಭವಸ್ಥ ಟೈರ್ ಅಂಗಡಿಯವರು ಗಿರಾಕಿಯನ್ನು ಮೊದಲು ಕೇಳುವುದು ಟ್ರ್ಯಾಕ್ಟರಿನ ಎಚ್‌ಪಿಯನ್ನಲ್ಲ. ‘ಹೊಲ ಯಾವ ಕಡಿ ಅದರೀ? ಎರಿನೋ, ಮಸಾರಿನೋ? ಟ್ರಾಲಿ ಎಳೀತೀರೇನು?’ ಮಸಾರಿ ಎಂದರೆ ಕೆಂಪು ಮಣ್ಣು. ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಟೈರಿನ ಮಾತು.

ಟೈರಿನ ಪಕ್ಕೆಯ ಮೇಲೆ 13.6-28 ಎಂದು ಬರೆದಿದ್ದರೆ ಅಗಲ 13.6 ಇಂಚು, ಕೂರುವ ರಿಮ್ಮು 28 ಇಂಚು ಎಂದರ್ಥ. ಮಧ್ಯಮ ಟ್ರ್ಯಾಕ್ಟರುಗಳ ಹಿಂಗಾಲಿಗೆ ಬರುವುದು ಹೆಚ್ಚಾಗಿ ಇದೇ. ಅದರ ಮೇಲೆ 14.9-28, ಇನ್ನೂ ಮೇಲೆ 16.9-28. ರಿಮ್ಮು ಮೂರಕ್ಕೂ 28 ಇಂಚೇ ಆದ್ದರಿಂದ ‘ಒಂದು ಸೈಜು ದೊಡ್ಡದು ಹಾಕಿಬಿಡೋಣ’ ಎಂಬ ಆಸೆ ಸಹಜ. ಮೊದಲ ಅಡ್ಡಿ ರಿಮ್ಮಿನ ಅಗಲದಿಂದಲೇ ಬರುತ್ತದೆ. 13.6ಕ್ಕೆ 12 ಇಂಚು ಅಗಲದ ರಿಮ್ಮು ಒಪ್ಪಿದರೆ 16.9ಕ್ಕೆ 15 ಇಂಚಿನದು ಬೇಕು. ಕಿರಿದಾದ ರಿಮ್ಮಿನ ಮೇಲೆ ಅಗಲದ ಟೈರು ಕೂರಿಸಿದರೆ ನಡುಭಾಗ ಉಬ್ಬಿ, ಮಣ್ಣು ಕಚ್ಚುವ ಉಬ್ಬುಪಟ್ಟಿಗಳಾದ ಅಂಚಿನ ಬಟನ್‌ಗಳು ನೆಲಕ್ಕೆ ತಾಗುವುದೇ ಇಲ್ಲ. ಅಗಲಕ್ಕೆ ಕೊಟ್ಟ ದುಡ್ಡು ಅಲ್ಲಿಗೆ ದಂಡ.

ಎರಡನೆಯ ಅಡ್ಡಿ ಕಣ್ಣಿಗೆ ಕಾಣದ್ದು. ಇದೇ ಅಳತೆಗಳ ರೇಡಿಯಲ್ ಟೈರುಗಳನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ 13.6ರ ಒಟ್ಟು ಎತ್ತರ ಸುಮಾರು 1,289 ಮಿ.ಮೀ., 14.9ರದು 1,357. ನೂರಕ್ಕೆ ಐದರಷ್ಟು ಏರಿಕೆ. ಒಂದು ಸುತ್ತಿಗೆ ಗಾಲಿ ಮೊದಲು 4.05 ಮೀಟರ್ ಹೋಗುತ್ತಿತ್ತು, ಈಗ 4.26 ಮೀಟರ್ ಹೋಗುತ್ತದೆ. ಎರಡೇ ಗಾಲಿ ಎಳೆಯುವ ಟ್ರ್ಯಾಕ್ಟರಿನಲ್ಲಿ ಇದರಿಂದ ವೇಗ ಐದರಷ್ಟು ಹೆಚ್ಚಿ, ಎಳೆತದ ಬಲ ಅಷ್ಟೇ ಇಳಿಯುತ್ತದೆ. ರೋಟಾವೇಟರ್ ತಿರುಗುವ ವೇಗ ಮಾತ್ರ ಮೊದಲಿನದೇ. ಗಾಡಿ ಮುಂದೆ ಓಡುತ್ತಿರುವುದರಿಂದ ಒಂದೊಂದು ಬ್ಲೇಡು ಕಡಿಯುವ ತುಂಡು ದೊಡ್ಡದಾಗುತ್ತದೆ. ‘ಟೈರ್ ಬದಲಿಸಿದಾಗಿಂದ ಹೆಂಟೆ ಒಡೀವಲ್ದು’ ಎಂದು ರೈತ ರೋಟಾವೇಟರ್ ಮಾರಿದವನನ್ನು ಬೈಯುತ್ತಾನೆ. ಕೆಳಗಿನ ಗೇರಿಗೆ ಬಂದರೆ ಅರ್ಧ ಸಮಸ್ಯೆ ತೀರುತ್ತದೆ.

ನಾಲ್ಕೂ ಗಾಲಿ ಎಳೆಯುವ ಟ್ರ್ಯಾಕ್ಟರಿನಲ್ಲಿ ಇದು ಇಷ್ಟು ಸುಲಭಕ್ಕೆ ತೀರುವುದಿಲ್ಲ. ಅಲ್ಲಿ ಮುಂಗಾಲಿಯೂ ಹಿಂಗಾಲಿಯೂ ಗೇರುಗಳ ಮೂಲಕ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಮುಂಗಾಲಿ ಹಿಂಗಾಲಿಗಿಂತ ನೂರಕ್ಕೆ ಒಂದರಿಂದ ಐದರಷ್ಟು ಮುಂದೆ ಓಡುವ ಹಾಗೆ ಕಂಪನಿ ಹೊಂದಿಸಿರುತ್ತದೆ. ಮುಂಗಾಲಿ ಸದಾ ಗಾಡಿಯನ್ನು ಎಳೆಯುತ್ತಿರಬೇಕು ಎಂಬುದೇ ಅದರ ಉದ್ದೇಶ. ಹಿಂಗಾಲಿಗೆ ಮಾತ್ರ ಐದರಷ್ಟು ದೊಡ್ಡ ಟೈರು ಬಿತ್ತೆಂದರೆ ಆ ಅಂತರವೆಲ್ಲ ಅಳಿದು, ಹಿಂಗಾಲಿ ಮುಂಗಾಲಿಯನ್ನು ನೂಕತೊಡಗುತ್ತದೆ. ಕೆಸರಿನಲ್ಲಿ ಗಾಲಿ ಜಾರಿ ಹೇಗೋ ಸುಧಾರಿಸಿಕೊಳ್ಳುತ್ತದೆ. ಗಟ್ಟಿ ರಸ್ತೆಯಲ್ಲಿ ಅದಕ್ಕೆ ಜಾರಲು ಎಡೆಯಿಲ್ಲ. ಆ ಒತ್ತಡವನ್ನೆಲ್ಲ ಗೇರಿನ ಹಲ್ಲುಗಳು ನುಂಗಬೇಕು. ಮುಂದಿನ ಟೈರು ಒಂದೇ ಹಂಗಾಮಿಗೆ ಬೋಳಾಗುವುದಕ್ಕೆ ‘ಟೈರ್ ಕಂಪನಿ ಸರಿಯಿಲ್ಲ’ ಎಂಬ ಮಾತು ಕೇಳುತ್ತೇವೆ. ಆದರೆ ದೋಷ ಹೆಚ್ಚಾಗಿ ಇರುವುದು ಜೋಡಿ ಕೆಟ್ಟದ್ದರಲ್ಲಿ. ಬದಲಿಸುವುದಾದರೆ ಮುಂದಿನದನ್ನೂ ಹಿಂದಿನದನ್ನೂ ಲೆಕ್ಕ ಹಾಕಿ ಒಟ್ಟಿಗೇ ಬದಲಿಸಬೇಕು, ಇಲ್ಲವೇ ಕಂಪನಿ ಕೊಟ್ಟ ಅಳತೆಗೇ ಇರಬೇಕು. ಈ ಮಾತನ್ನು ಖಡಾಖಂಡಿತವಾಗಿ ಹೇಳಿ ವ್ಯಾಪಾರ ಕಳೆದುಕೊಳ್ಳಲು ತಯಾರಿರುವ ಅಂಗಡಿಯೇ ನಂಬುವಂಥ ಅಂಗಡಿ.

ತೂಕದ ವಿಷಯದಲ್ಲೂ ಕಸುಬು ಇದೆ. ಆಳವಾಗಿ ನೇಗಿಲು ಹೊಡೆಯುವಾಗ, ಹತ್ತಿ ತುಂಬಿದ ಟ್ರಾಲಿ ಎಳೆಯುವಾಗ ಹಿಂಗಾಲಿ ಜಾರಬಾರದೆಂದು ಟ್ಯೂಬಿನೊಳಗೆ ನೀರು ತುಂಬಿಸುತ್ತಾರೆ. ಗಾಲಿಯನ್ನು ಜಾಕಿನಿಂದ ಎತ್ತಿ, ವಾಲ್ವು ನೆತ್ತಿಯ ಮೇಲೆ ಬರುವಂತೆ ತಿರುಗಿಸಿ, ಅದರ ಒಳಗಿನ ಪಿನ್ನು ಬಿಚ್ಚಿ ನೀರು ಬಿಡುತ್ತಾರೆ. ವಾಲ್ವಿನ ಮಟ್ಟಕ್ಕೆ ನೀರು ಬಂತೆಂದರೆ ಮುಕ್ಕಾಲು ತುಂಬಿದಂತೆ. ಉಳಿದ ಕಾಲು ಭಾಗಕ್ಕೆ ಗಾಳಿ. ಒಂದು 13.6 ಟೈರು ಹೀಗೆ ನೂರೈವತ್ತು ಲೀಟರಿಗೂ ಮೇಲೆ ಕುಡಿಯುತ್ತದೆ, ಅಷ್ಟೇ ಕಿಲೋ ತೂಕ ಕೂಡುತ್ತದೆ. ಗದ್ದೆಗೆ ಇಳಿಯುವಾಗ ಮಾತ್ರ ಈ ನೀರನ್ನು ಖಾಲಿ ಮಾಡಲೇಬೇಕು. ಕೆಸರಿನಲ್ಲಿ ತೂಕ ಎಂದರೆ ಹೂತುಕೊಳ್ಳಲು ಕೊಟ್ಟ ಆಹ್ವಾನ. ಗಾಳಿಯದೂ ಹಾಗೆಯೇ. ಕಾರಿಗೆ 32 ಪೌಂಡು ಹೊಡೆದ ಕೈ ಟ್ರ್ಯಾಕ್ಟರಿಗೂ ಅಷ್ಟೇ ಹೊಡೆಯಲು ಹೋಗುತ್ತದೆ. ಹೊಲದಲ್ಲಿ ಹಿಂಗಾಲಿಗೆ 12ರಿಂದ 14 ಪೌಂಡು ಬೇಕಾದಷ್ಟಾಯಿತು. ಮೆತ್ತಗಿರುವ ಟೈರು ನೆಲದ ಮೇಲೆ ಅಗಲವಾಗಿ ಹರಡಿಕೊಳ್ಳುತ್ತದೆ, ಎರೆ ಮಣ್ಣು ಅಷ್ಟರಮಟ್ಟಿಗೆ ತುಳಿತದಿಂದ ಉಳಿಯುತ್ತದೆ.

ಕೇಜ್‌ವೀಲ್ ಎಂಬ ಕಬ್ಬಿಣದ ಗಾಲಿಯೇ ಈ ಸೀಮೆಯ ನಿಜವಾದ ಕೈಚಳಕ. ಜಗತ್ತು ಕಬ್ಬಿಣದ ಗಾಲಿಯಿಂದ ರಬ್ಬರಿಗೆ ಬಂದದ್ದು ತೊಂಬತ್ತು ವರ್ಷಗಳ ಹಿಂದೆ. ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿ 1932ರಲ್ಲಿ ಫೈರ್‌ಸ್ಟೋನ್ ಜತೆಗೂಡಿ ಟ್ರ್ಯಾಕ್ಟರಿಗೆ ಗಾಳಿ ತುಂಬಿದ ಟೈರು ತೊಡಿಸಿತು. ರೈತರು ನಂಬಲಿಲ್ಲ. ನಂಬಿಸಲು ಕಾರ್ ರೇಸಿನ ಹೆಸರಾಂತ ಚಾಲಕ ಬಾರ್ನಿ ಓಲ್ಡ್‌ಫೀಲ್ಡ್‌ನನ್ನು ಕರೆತಂದರು. 1933ರಲ್ಲಿ ಅವನು ಟ್ರ್ಯಾಕ್ಟರನ್ನು ಗಂಟೆಗೆ 100 ಕಿಲೋಮೀಟರ್ ಮೀರಿದ ವೇಗದಲ್ಲಿ ಓಡಿಸಿ ತೋರಿಸಿದ. ರಬ್ಬರು ಗೆದ್ದಿತು. ಭತ್ತದ ಗದ್ದೆಯಲ್ಲಿ ಮಾತ್ರ ಅದು ಗೆಲ್ಲಲಿಲ್ಲ. ನೀರು ನಿಂತ ಎರೆಯಲ್ಲಿ ಟೈರಿನ ಬಟನ್‌ಗಳ ನಡುವೆ ಮಣ್ಣು ಮೆತ್ತಿಕೊಂಡರೆ ಗಾಲಿ ನುಣ್ಣಗಿನ ಉರುಳೆಯಾಗಿ ನಿಂತಲ್ಲೇ ತಿರುಗುತ್ತದೆ. ಅಲ್ಲಿ ಮತ್ತೆ ಕಬ್ಬಿಣವೇ ಬೇಕಾಯಿತು.

ಕೇಜ್‌ವೀಲಿನಲ್ಲಿ ಎರಡು ಬಗೆ. ಟೈರು ಬಿಚ್ಚಿ ಅದರ ಜಾಗಕ್ಕೆ ಹಾಕುವ ಪೂರ್ತಿ ಗಾಲಿ ಒಂದು, ಟೈರಿನ ಹೊರಬದಿಗೆ ಬೋಲ್ಟ್ ಮಾಡುವ ಅರ್ಧ ಗಾಲಿ ಇನ್ನೊಂದು. ವೆಲ್ಡಿಂಗ್ ಶೆಡ್ಡಿನಲ್ಲಿ ಅದು ಹುಟ್ಟುವುದನ್ನು ನಿಂತು ನೋಡಬೇಕು. ಪಟ್ಟಿಯನ್ನು ಬಾಗಿಸಿ ಬಳೆ ಮಾಡುತ್ತಾರೆ. ಬಳೆಗಳ ನಡುವೆ ಆ್ಯಂಗ್ಲರ್ ತುಂಡುಗಳನ್ನು ಅಡ್ಡಲಾಗಿ, ನೇರವಾಗಿ ಅಲ್ಲ, ಓರೆಯಾಗಿ ಕೂರಿಸುತ್ತಾರೆ. ಓರೆಯಿದ್ದರೆ ಒಂದು ಹಲ್ಲು ನೆಲ ಬಿಡುವ ಮೊದಲೇ ಮುಂದಿನದು ಹಿಡಿಯುತ್ತದೆ, ಚಾಲಕನ ಸೊಂಟ ಉಳಿಯುತ್ತದೆ, ಮಣ್ಣೂ ಬದಿಗೆ ಜಾರಿ ಬೀಳುತ್ತದೆ. ಹಲ್ಲುಗಳ ನಡುವಿನ ಅಂತರವೇ ಗುಟ್ಟು. ಹತ್ತಿರವಾದರೆ ಎರೆ ಮಣ್ಣು ಕಚ್ಚಿಕೊಳ್ಳುತ್ತದೆ, ದೂರವಾದರೆ ಗಾಡಿ ಕುಕ್ಕುತ್ತದೆ. ಮಸಾರಿ ಗದ್ದೆಗೆ ಮಾಡಿದ ಗಾಲಿಯನ್ನು ಎರೆಗೆ ತಂದರೆ ಕೆಲಸ ಕೆಡುವುದು ಇದೇ ಕಾರಣಕ್ಕೆ. ಇಂಥ ಅಂತರವನ್ನು ಯಾವ ಪುಸ್ತಕವೂ ಈ ವೆಲ್ಡರುಗಳಿಗೆ ಹೇಳಿಕೊಟ್ಟಿಲ್ಲ. ಹಂಗಾಮು ಮುಗಿದ ಮೇಲೆ ರಿಪೇರಿಗೆ ಬಂದ ಗಾಲಿಗಳ ಸವೆತ ನೋಡಿಯೇ ಕಲಿತರು.

ಆದರೆ ಇದೇ ಗಾಲಿ ಡಾಂಬರಿಗೆ ಶತ್ರು. ಟನ್ನುಗಟ್ಟಲೆ ತೂಕವನ್ನು ಕೆಲವೇ ಹಲ್ಲುಗಳ ಅಂಚು ಹೊತ್ತು ಸಾಗಿದರೆ ರಸ್ತೆ ಉಳಿಯುವ ಮಾತೇ ಇಲ್ಲ. ಕಾಲುವೆ ಚಾಲು-ಬಂದ್ ಪದ್ಧತಿಯಲ್ಲಿ ನಡೆಯುವುದರಿಂದ ನೀರಿದ್ದಾಗಲೇ ಎಲ್ಲರಿಗೂ ಬಾಡಿಗೆ ಟ್ರ್ಯಾಕ್ಟರು ಬೇಕು. ಒಂದು ಗದ್ದೆಯಿಂದ ಇನ್ನೊಂದಕ್ಕೆ ಹೋಗುವ ಅವಸರದಲ್ಲಿ ಗಾಲಿ ಬದಲಿಸಲು ಯಾರಿಗೂ ವ್ಯವಧಾನವಿಲ್ಲ. ಅವಸರ ಅರ್ಥವಾಗುತ್ತದೆ. ಹಾಗೆಂದು ಅದೇ ರಸ್ತೆಯ ಗುಂಡಿಗಳಲ್ಲಿ ಶಾಲೆಗೆ ಹೋಗುವ ಮಕ್ಕಳ ಸೈಕಲ್ಲು ಬೀಳುವುದನ್ನು ಒಪ್ಪಲಾಗದು. ಟೈರಿಗಿಂತ ತುಸು ಗಿಡ್ಡಗಿರುವ ಅರ್ಧ ಕೇಜ್‌ವೀಲು ಇದಕ್ಕೆ ಒಳ್ಳೆಯ ದಾರಿ. ಗಟ್ಟಿ ನೆಲದಲ್ಲಿ ಭಾರ ಟೈರಿನ ಮೇಲಿರುತ್ತದೆ, ಗದ್ದೆಗೆ ಇಳಿದು ಟೈರು ಹೂತಾಗ ಮಾತ್ರ ಕಬ್ಬಿಣ ಹಿಡಿಯುತ್ತದೆ. ಮಾಡಿಸುವವರು ಈ ಅಳತೆಯನ್ನು ಕೇಳಿ ಮಾಡಿಸಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳಲೇಬೇಕು. ಹೂತ ಟ್ರ್ಯಾಕ್ಟರನ್ನು ಎಬ್ಬಿಸಲು ಎರಡೂ ಹಿಂಗಾಲಿಗಳಿಗೆ ಅಡ್ಡಲಾಗಿ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಓಡಿಸುವ ರೂಢಿ ಹಲವೆಡೆ ಇದೆ. ದಿಮ್ಮಿ ಗಾಲಿಗಳನ್ನು ತಿರುಗಲು ಬಿಡದೆ ತಡೆದರೆ ಇಂಜಿನ್ನಿನ ಬಲ ಎಲ್ಲಿಗೆ ಹೋಗಬೇಕು? ಅದು ಗಾಲಿಯ ಬದಲು ಗಾಡಿಯನ್ನೇ ಆಕ್ಸಲ್ಲಿನ ಸುತ್ತ ತಿರುಗಿಸುತ್ತದೆ. ಮೂತಿ ಮೇಲೆದ್ದು, ಚಾಲಕನ ಮೇಲೆಯೇ ಟ್ರ್ಯಾಕ್ಟರು ಹಿಮ್ಮುಖ ಮಗುಚಲು ಎರಡು ಕ್ಷಣವೂ ಬೇಕಾಗಿಲ್ಲ. ಕ್ಲಚ್ ಒತ್ತಲು ಹೊತ್ತೇ ಸಿಗುವುದಿಲ್ಲ. ಹೂತರೆ ಇಂಜಿನ್ ನಿಲ್ಲಿಸಿ, ಗಾಲಿಯ ಸುತ್ತ ಮಣ್ಣು ತೆಗೆದು, ಗಟ್ಟಿ ನೆಲದ ಮೇಲೆ ನಿಂತ ಇನ್ನೊಂದು ಗಾಡಿಯಿಂದ ಉದ್ದನೆಯ ಸರಪಳಿ ಹಾಕಿ ಎಳೆಸುವುದೊಂದೇ ದಾರಿ.

ಶಹಾಪುರ, ಸುರಪುರದ ಹತ್ತಿಯ ಹೊಲಗಳಿಗೆ ಲೆಕ್ಕ ತಿರುವುಮುರುವು. ಅಲ್ಲಿ ಅಗಲದ ಟೈರು ಬೇಡ. ಸಾಲುಗಳ ನಡುವೆ ಗಿಡ ತುಳಿಯದೆ ಎಡೆ ಹೊಡೆಯಬೇಕು. ಅದಕ್ಕೆ 8.3-20 ಟೈರಿನ ಸಣ್ಣ ಟ್ರ್ಯಾಕ್ಟರು ಒಳ್ಳೆಯದು. ದೊಡ್ಡದೇ ಇದ್ದರೆ ಗಾಲಿಯ ಡಿಸ್ಕನ್ನು ತಿರುಗಿಸಿ ಹಾಕಿ, ಎರಡು ಗಾಲಿಗಳ ನಡುವಿನ ಅಂತರವನ್ನು ಸಾಲಿಗೆ ಹೊಂದಿಸುತ್ತಾರೆ. ಹಾಗೆ ಬದಲಿಸುವಾಗ ಟೈರು ತಿರುವುಮುರುವಾಗದಂತೆ ನೋಡಿಕೊಳ್ಳಬೇಕು. ಮೇಲಿನಿಂದ ನೋಡಿದಾಗ ಬಟನ್‌ಗಳ ಬಾಣದ ಮೊನೆ ಮುಂದಕ್ಕೇ ಇರಬೇಕು, ಇಲ್ಲವಾದರೆ ಮಣ್ಣು ಹೊರಗೆ ಸರಿಯುವ ಬದಲು ನಡುವಿಗೆ ತುಂಬಿಕೊಳ್ಳುತ್ತದೆ. ಗಾಲಿ ಬದಲಿಸಿದ ಮೇಲೆ ಮೊದಲ ತಾಸು ಕೆಲಸ ಮಾಡಿ ನಿಲ್ಲಿಸಿ, ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿ ಮಾಡಬೇಕು. ಹೊಸದಾಗಿ ಕೂತ ಡಿಸ್ಕು ಆ ಹೊತ್ತಿಗೆ ಸಡಿಲಾಗಿಯೇ ಇರುತ್ತದೆ.